ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ, ಹೊಟ್ಟೆಯೊಳಗೆ ನುಲಿತ

ಕಳೆದ ತಿಂಗಳ ಅಂಕಣದಲ್ಲಿ ಊರಿನ ಅಜ್ಜಿ-ತಾತನ ಜೊತೆಗಿನ ಭಾನುವಾರದ ವಿಡಿಯೋ ಕಾಲ್ ಬಗ್ಗೆ ಬರೆದಿದ್ದೆ. "ಐದು ನಿಮಿಷಕ್ಕಿಂತ ಹೆಚ್ಚು ಮಕ್ಕಳು ಕೂರೋದೇ ಇಲ್ಲ, ಬರೀ ಹಾಯ್ ಬಾಯ್ ಆಗುತ್ತೆ, ಇದರಿಂದ ಕನ್ನಡ ಬರುತ್ತಾ?" ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಅದಕ್ಕೆ ಉತ್ತರ ಬರೆಯಲೆಂದೇ ಕೂತೆ. ಆದರೆ ನಮ್ಮ ಮನೆಯಲ್ಲಿ ಈ ವರ್ಷದ ಮೊದಲ ಐದು ತಿಂಗಳು ನಡೆದದ್ದನ್ನು ಹೇಳಿದರೆ ಅದೇ ಉತ್ತರವಾಗುತ್ತದೆ ಅನ್ನಿಸಿತು. ಸ್ವಲ್ಪ ಉದ್ದದ ಕಥೆ. ಕಾಫಿ ತಗೊಂಡು ಕೂತುಕೊಳ್ಳಿ.

ನನ್ನ ಮಗಳಿಗೆ ಎಂಟು ವರ್ಷ. ನಾವಿರುವುದು ಟೋವಾ ಪಾಯೋದಲ್ಲಿ, ಲೋರಾಂಗ್ 8ರ ಮಾರುಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರ. ಆರು ವರ್ಷದವಳಿದ್ದಾಗ ಅವಳಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾಯಿತು. ಒಂದು ವರ್ಷದಿಂದ ತೂಕ ಏರಿರಲಿಲ್ಲ, ಕಬ್ಬಿಣಾಂಶದ ಸಿರಪ್ ಎಷ್ಟು ಕೊಟ್ಟರೂ ರಕ್ತಹೀನತೆ ಹೋಗುತ್ತಿರಲಿಲ್ಲ. ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಆದ ಮೇಲೆ ಡಾಕ್ಟರು ಹೆಸರು ಹೇಳಿದರು. ನಾನು ಅದನ್ನು ಮೊದಲ ಬಾರಿ ಕೇಳಿದ್ದೇ ಅಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಚಪಾತಿ ಹಿಟ್ಟು ನಾದಿದಾಗ ಬರುವ ಜಿಗುಟು ಇದರದೇ. ಸೀಲಿಯಾಕ್ ಇರುವವರು ಇದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಇರುವ ವಿಲ್ಲೈ ಎಂಬ ರಚನೆಗಳು ಸವೆದು ಚಪ್ಪಟೆಯಾಗುತ್ತವೆ. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ. ಇದು ಬರೀ ಅಲರ್ಜಿಯಲ್ಲ, ಬೆಳೆದಂತೆ ಹೋಗುವುದೂ ಇಲ್ಲ. ಔಷಧಿ ಎಂದರೆ ಜೀವನಪೂರ್ತಿ ಗ್ಲುಟೆನ್ ಇಲ್ಲದ ಊಟ, ಅಷ್ಟೆ.

"ನಮ್ಮ ಕಡೆ ಯಾರಿಗೂ ಇಲ್ಲದ ಕಾಯಿಲೆ ಇವಳಿಗೆ ಎಲ್ಲಿಂದ ಬಂತು?" ಎಂದು ಅಮ್ಮ ಕೇಳಿದ್ದಳು. ಅವಳ ಪ್ರಶ್ನೆ ತಪ್ಪಲ್ಲ. ಭಾರತದಲ್ಲಿ 23 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಸೀಲಿಯಾಕ್ ಕಂಡರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸು ಇತ್ತು. ಅಪರೂಪ ನಿಜ, ಇಲ್ಲವೇ ಇಲ್ಲ ಅಂತಲ್ಲ. ಆ ಸಾವಿರಕ್ಕೊಬ್ಬರಲ್ಲಿ ನಮ್ಮವಳೂ ಒಬ್ಬಳು.

ಓಟ್ಸ್ ಬಂದ ಬಗೆ

ಮೊದಲ ಒಂದೂವರೆ ವರ್ಷ ಚೆನ್ನಾಗಿಯೇ ಹೋಯಿತು. ಅನ್ನ ತಿನ್ನುವವರಿಗೆ ಗೋಧಿ ಬಿಡುವುದು ಅಷ್ಟೇನೂ ಕಷ್ಟವಲ್ಲ. ಇಡ್ಲಿ, ದೋಸೆ, ಅಕ್ಕಿ ರೊಟ್ಟಿ, ರಾಗಿ ಮುದ್ದೆ ಎಲ್ಲ ನಮ್ಮವೇ. ಅವಳ ತೂಕ ಏರಿತು, ಕೆನ್ನೆಗೆ ಬಣ್ಣ ಬಂತು, ರಕ್ತದ ಆ್ಯಂಟಿಬಾಡಿ ಸಂಖ್ಯೆ ಸಹಜ ಮಟ್ಟಕ್ಕೆ ಇಳಿಯಿತು.

ತೊಂದರೆ ಇದ್ದದ್ದು ಬೆಳಗಿನ ಹೊತ್ತು. ಶಾಲೆ ಏಳೂವರೆಗೆ. ಆರು ಗಂಟೆಗೆ ಎದ್ದು ಹೆಂಚು ಇಡಲು ನನ್ನಿಂದ ದಿನವೂ ಆಗುತ್ತಿರಲಿಲ್ಲ. ಅವಳಿಗೂ ಸ್ನೇಹಿತರು ತಿನ್ನುವುದನ್ನು ತಿನ್ನುವ ಆಸೆ. ಬ್ರೆಡ್ ಇಲ್ಲ, ಬಿಸ್ಕತ್ತು ಇಲ್ಲ, ಮೈಲೋ ಕೂಡ ಇಲ್ಲ, ಅದರಲ್ಲಿ ಬಾರ್ಲಿ ಮಾಲ್ಟ್ ಇದೆ. ಆಹಾರ ತಜ್ಞೆಯನ್ನು ಕೇಳಿದಾಗ, "ರಕ್ತ ಪರೀಕ್ಷೆ ಚೆನ್ನಾಗಿದೆ, ಶುದ್ಧ ಓಟ್ಸ್ ಪ್ರಯತ್ನಿಸಬಹುದು. ಸ್ವಲ್ಪದಿಂದ ಶುರು ಮಾಡಿ, ನಿಧಾನಕ್ಕೆ ಹೆಚ್ಚಿಸಿ, ಗಮನಿಸುತ್ತಿರಿ" ಅಂದರು. ಜನವರಿಯಲ್ಲಿ ಹೊಸ ತರಗತಿ ಶುರುವಾದಾಗ ಗ್ಲುಟೆನ್ ಫ್ರೀ ಎಂದು ಬರೆದಿದ್ದ ಓಟ್ಸ್ ಪ್ಯಾಕೆಟ್ ತಂದೆ. ಮೊದಲ ವಾರ ಎರಡು ಚಮಚ. ಎರಡನೇ ವಾರವೇ ಬಟ್ಟಲು ತುಂಬ. ಗಮನಿಸುತ್ತಿರಿ ಎಂದಿದ್ದರಲ್ಲ, ಅದನ್ನು ನಾನು ಅಲ್ಲಿಗೇ ಬಿಟ್ಟೆ. ಬಾಳೆಹಣ್ಣು ಹೆಚ್ಚಿ ಹಾಕಿ ಕೊಟ್ಟರೆ ಐದು ನಿಮಿಷದಲ್ಲಿ ತಿಂದು ಹೊರಡುತ್ತಿದ್ದಳು. ಅಷ್ಟು ಸುಲಭವಾಗಿದ್ದನ್ನು ಯಾರು ಅನುಮಾನಿಸುತ್ತಾರೆ!

ಫೆಬ್ರವರಿ ಹೊತ್ತಿಗೆ ಶಾಲೆಯಿಂದ ಫೋನ್ ಬರತೊಡಗಿತು. ಹೊಟ್ಟೆನೋವು ಅಂತಿದ್ದಾಳೆ, ಸಿಕ್ ಬೇಯಲ್ಲಿ ಮಲಗಿಸಿದ್ದೇವೆ, ಬಂದು ಕರಕೊಂಡು ಹೋಗಿ. ಹೋದರೆ, ಅಷ್ಟೊತ್ತಿಗೆ ಸರಿಯಾಗಿರುತ್ತಿದ್ದಳು. ಹೇಗೆ ನೋವು ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಒಂದೇ ಉತ್ತರ, "ಟಮ್ಮಿ ಪೇಯ್ನ್." ಎಲ್ಲಿ? "ಟಮ್ಮಿಯಲ್ಲಿ." ಶನಿವಾರ, ಭಾನುವಾರ ಮಾತ್ರ ಏನೂ ಇಲ್ಲ. ಆಟವೋ ಆಟ. ಲೋರಾಂಗ್ 6ರ ಡ್ರ್ಯಾಗನ್ ಪಾರ್ಕಿನ ಜಾರುಬಂಡೆಯಿಂದ ಇಳಿಸುವುದೇ ಕಷ್ಟ.

ವಾರದ ದಿನ ಮಾತ್ರ ನೋವು, ರಜೆಯಲ್ಲಿ ಇಲ್ಲ. ನೀವಾಗಿದ್ದರೂ ಏನು ಅಂದುಕೊಳ್ಳುತ್ತಿದ್ದಿರಿ? ಶಾಲೆಯವರು ನಯವಾಗಿ ಹೇಳಿದರು, ಸ್ವಲ್ಪ ಆತಂಕ ಇರಬಹುದು ಎಂದು. ನನ್ನ ಗಂಡ ಹೇಳಿದರು, ಹಿಂದಿ ಡಿಕ್ಟೇಷನ್ ಇರೋ ದಿನವೇ ಜಾಸ್ತಿ ನೋಡು ಎಂದು. ಇಲ್ಲಿನ ಶಾಲೆಗಳಲ್ಲಿ ಮಾತೃಭಾಷೆಯ ವಿಷಯವಾಗಿ ಕನ್ನಡ ಇಲ್ಲದ ಕಾರಣ ನಮ್ಮ ಮಕ್ಕಳು ಹಿಂದಿಯನ್ನೋ ತಮಿಳನ್ನೋ ತೆಗೆದುಕೊಳ್ಳುತ್ತಾರೆ, ನಿಮಗೆ ಗೊತ್ತಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಪರೀಕ್ಷೆಗೆ ಹಿಂದಿ. ಪಾಪ, ಮೂರು ಭಾಷೆಯ ಭಾರ ಮಗುವಿಗೆ ಹೆಚ್ಚಾಯಿತೇನೋ ಎಂದು ನಾನೂ ನಂಬಿದೆ. ಕೆಲವು ರಾತ್ರಿ ಕನ್ನಡದ ಓದನ್ನೇ ನಿಲ್ಲಿಸಿಬಿಡೋಣ ಎಂದೂ ಯೋಚಿಸಿದೆ. ಈಗ ನೆನೆಸಿಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಅಡುಗೆಮನೆಯ ಪತ್ತೇದಾರಿ

ಆತಂಕ ಎನ್ನುವ ಮಾತು ಒಂದು ಕಡೆ ಇರಲಿ, ಮೊದಲು ಊಟ ನೋಡೋಣ ಎಂದು ಎಲ್ಲಾ ಡಬ್ಬಿ ಕೆಳಗಿಳಿಸಿದೆವು. ಗ್ಲುಟೆನ್ ಎಲ್ಲಿಂದಲೋ ನುಸುಳುತ್ತಿರಬೇಕು ಎಂಬುದು ನಮ್ಮ ಅನುಮಾನ. ಈ ಹುಡುಕಾಟದಲ್ಲಿ ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಇಂಗು: ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟು ಬೆರೆಸಿ ಮಾಡಿದ್ದು. ಆ ಹಿಟ್ಟು ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಗೋಧಿಯದು. ಸಾರು, ಚಟ್ನಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಎಲ್ಲದರಲ್ಲೂ ಅದು ಹೋಗುತ್ತದೆ. ಅಕ್ಕಿ ಹಿಟ್ಟು ಹಾಕಿದ ಇಂಗೂ ಸಿಗುತ್ತದೆ, ಡಬ್ಬಿ ತಿರುಗಿಸಿ ಓದಬೇಕು. ಇದನ್ನು ನಾವು ಮೊದಲೇ ಬದಲಾಯಿಸಿದ್ದೆವು.

ರಾಗಿ ಹಿಟ್ಟು: ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಊರಿನ ಗಿರಣಿಯಲ್ಲಿ ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯನ್ನೂ ಬೀಸುತ್ತಾರೆ. ಅಮ್ಮ ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಐದು ಕೆಜಿ ಹಿಟ್ಟನ್ನು ಅವಳಿಗೆ ಕೊಡಲಾಗದೆ ನಾವಿಬ್ಬರೇ ಮುದ್ದೆ ಮಾಡಿಕೊಂಡು ತಿಂದೆವು. ಈಗ ಅಮ್ಮ ರಾಗಿಯನ್ನು ತೊಳೆದು ಒಣಗಿಸಿ, ಇಡಿಯಾಗಿಯೇ ಕಳಿಸುತ್ತಾಳೆ. ಇಲ್ಲಿ ಮಿಕ್ಸಿಗೆ ಹಾಕಿ ಜರಡಿ ಹಿಡಿಯುತ್ತೇನೆ.

ಮಾಲ್ಟ್ ಎಂಬ ಪದ: ನಮಗೆ ರಾಗಿ ಮಾಲ್ಟ್ ಎಂದರೆ ಮೊಳಕೆ ಕಟ್ಟಿದ ರಾಗಿ. ಇಂಗ್ಲಿಷ್ ಲೇಬಲ್ಲಿನಲ್ಲಿ ಬರೀ ಮಾಲ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿ. ಹಾರ್ಲಿಕ್ಸ್‌ನಲ್ಲಿ ಗೋಧಿ, ಬಾರ್ಲಿ ಎರಡೂ ಇವೆ. ಒಂದೇ ಪದ, ಎರಡು ಅರ್ಥ.

ಸೋಯಾ ಸಾಸ್: ಸಾಧಾರಣ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಹಾಕರ್ ಸೆಂಟರಿನಲ್ಲಿ ಅಕ್ಕಿ ನೂಡಲ್ಸ್ ಎಂದು ಕೊಂಡರೂ ಅದರ ಮೇಲೆ ಸುರಿದ ಸಾಸ್ ಸಾಕು. ತಮಿಳರ ಅಂಗಡಿಯ ದೋಸೆ ಅಕ್ಕಿ-ಉದ್ದಿನದೇ, ಆದರೆ ಪರಾಟಾ ಹಾಕಿದ ಕಾವಲಿಯಲ್ಲೇ ಹುಯ್ಯುತ್ತಾರೆ.

ಇದಕ್ಕೆ ಉಲ್ಟಾ ಒಂದು ತಮಾಷೆ. ಕೆಳಗಿನ ಮನೆಯ ಚೀನೀ ಆಂಟಿ ಅಂಟು ಅಕ್ಕಿಯ ಕುಎ ತಂದುಕೊಟ್ಟಾಗ ಇಂಗ್ಲಿಷ್ ಹೆಸರಿನಲ್ಲಿ 'ಗ್ಲುಟಿನಸ್' ಎಂದಿರುವುದನ್ನು ನೋಡಿ ನಾನು ಹೌಹಾರಿದ್ದೆ. ಆ ಅಕ್ಕಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಅಂಟಂಟು ಎನ್ನುವುದಕ್ಕೆ ಇಟ್ಟ ಹೆಸರು ಅದು.

ಇಷ್ಟೆಲ್ಲ ಹುಡುಕಿದರೂ ಹೊಸದೇನೂ ಸಿಗಲಿಲ್ಲ. ಉಳಿದದ್ದು ಓಟ್ಸ್. ಅದರ ಮೇಲೆ ಗ್ಲುಟೆನ್ ಫ್ರೀ ಎಂದು ದಪ್ಪಕ್ಷರದಲ್ಲಿ ಬರೆದಿತ್ತಲ್ಲ! ಇರಲಿ ಎಂದು ಕಂಪನಿ ಬದಲಾಯಿಸಲು ಸೂಪರ್ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಒಂದು ವಿಚಿತ್ರ ಕಂಡಿತು. ಯುರೋಪಿನ ಓಟ್ಸ್ ಮೇಲೆ ಗ್ಲುಟೆನ್ ಫ್ರೀ ಎಂದಿದೆ. ಪಕ್ಕದಲ್ಲೇ ಇರುವ ಆಸ್ಟ್ರೇಲಿಯಾದ ಓಟ್ಸ್ ಮೇಲೆ ಗೋಧಿ ಬೆರೆತಿಲ್ಲ ಎಂದು ಮಾತ್ರ ಇದೆ. ಗ್ಲುಟೆನ್ ಫ್ರೀ ಎಂಬ ಪದವೇ ಇಲ್ಲ.

ಒಂದೇ ಧಾನ್ಯ, ಎರಡು ಕಾನೂನು

ಮನೆಗೆ ಬಂದು ಓದಿದಾಗ ಅರ್ಥವಾಯಿತು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇಲ್ಲದಿದ್ದರೆ ಅದನ್ನು ಗ್ಲುಟೆನ್ ಫ್ರೀ ಎನ್ನಬಹುದು. ಯುರೋಪು, ಅಮೆರಿಕದಲ್ಲಿ ಈ ಮಿತಿಯೊಳಗಿನ ಓಟ್ಸ್‌ಗೂ ಆ ಹೆಸರು ಸಲ್ಲುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಓಟ್ಸ್ ಇರುವ ಯಾವ ಆಹಾರವನ್ನೂ ಗ್ಲುಟೆನ್ ಫ್ರೀ ಎಂದು ಮಾರುವ ಹಾಗಿಲ್ಲ, ಎಷ್ಟೇ ಶುದ್ಧವಾಗಿರಲಿ. ಸಿಂಗಪುರದ ಅಂಗಡಿಗೆ ಎಲ್ಲಾ ದೇಶದ ಮಾಲೂ ಬರುವುದರಿಂದ ಎರಡೂ ಒಂದೇ ಶೆಲ್ಫಿನಲ್ಲಿ ಕೂತಿರುತ್ತವೆ. ಇನ್ನೊಂದು ವಿಷಯ: ಸಿಂಗಪುರದ ನಿಯಮದಲ್ಲಿ, ಹಾಗೆಯೇ ಭಾರತದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ, ಲೇಬಲ್ ಮೇಲೆ ಕಡ್ಡಾಯವಾಗಿ ಹೇಳಬೇಕಾದ ಗ್ಲುಟೆನ್ ಧಾನ್ಯಗಳ ಪಟ್ಟಿಯಲ್ಲಿ ಗೋಧಿ, ರೈ, ಬಾರ್ಲಿ ಜೊತೆ ಓಟ್ಸ್ ಹೆಸರೂ ಇದೆ.

ಇಷ್ಟು ಗೊಂದಲ ಯಾಕೆ? ಓಟ್ಸ್ ವಿಷಯದಲ್ಲಿ ವೈದ್ಯರೇ ಎಪ್ಪತ್ತು ವರ್ಷದಿಂದ ಚರ್ಚೆ ಮಾಡುತ್ತಿದ್ದಾರೆ. ಗೋಧಿಗೂ ಸೀಲಿಯಾಕ್‌ಗೂ ಇರುವ ನಂಟನ್ನು ತೋರಿಸಿದವರು ಡಚ್ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಹಸಿವಿನಿಂದ ಸಾಯುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಅವರು ಈ ವಿಷಯದ ಮೇಲೆ ಪ್ರಬಂಧ ಮಂಡಿಸಿದರು. ಆ ಕಾಲದ ನಿಷೇಧದ ಪಟ್ಟಿಯಲ್ಲಿ ಗೋಧಿ, ರೈ ಜೊತೆ ಓಟ್ಸ್ ಕೂಡ ಇತ್ತು. 1995ರಲ್ಲಿ ಫಿನ್ಲೆಂಡಿನ ವೈದ್ಯರು ವಯಸ್ಕರಲ್ಲಿ ಪರೀಕ್ಷೆ ಮಾಡಿ, ಓಟ್ಸ್ ತಿಂದವರ ಕರುಳಿಗೂ ತಿನ್ನದವರ ಕರುಳಿಗೂ ವ್ಯತ್ಯಾಸ ಕಾಣಲಿಲ್ಲ ಎಂದರು. 2003ರಲ್ಲಿ ನಾರ್ವೆಯ ಅಧ್ಯಯನವೊಂದರಲ್ಲಿ ಶುದ್ಧ ಓಟ್ಸ್ ತಿಂದ 19 ಜನರಲ್ಲಿ ಬಹುತೇಕರು ಚೆನ್ನಾಗಿದ್ದರು, ಒಬ್ಬರ ಕರುಳು ಮಾತ್ರ ಮತ್ತೆ ಹಾಳಾಯಿತು.

ಅಂದರೆ ಓಟ್ಸ್ ತಿಂದು ತೊಂದರೆಯಾದರೆ ಕಾರಣ ಮೂರು ಇರಬಹುದು ಎಂದು ನಮ್ಮ ಡಾಕ್ಟರು ವಿವರಿಸಿದರು.

ಮೊದಲನೆಯದು ಬೆರಕೆ. ಓಟ್ಸನ್ನು ಗೋಧಿ, ಬಾರ್ಲಿ ಬೆಳೆದ ಹೊಲದಲ್ಲೇ ಬೆಳೆಯುತ್ತಾರೆ, ಅದೇ ಲಾರಿಯಲ್ಲಿ ಸಾಗಿಸುತ್ತಾರೆ, ಅದೇ ಗಿರಣಿಯಲ್ಲಿ ಚಪ್ಪಟೆ ಮಾಡುತ್ತಾರೆ. ಸಾಧಾರಣ ಓಟ್ಸ್ ಸೀಲಿಯಾಕ್ ಇರುವವರಿಗೆ ಆಗದಿರುವುದು ಇದಕ್ಕೇ. ಒಂದು ಹೋಳು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ಹೋಳಿನ ನಲವತ್ತನೇ ಒಂದು ಪಾಲು, ಕೆಲವು ತಿಂಗಳು ಹೋದರೂ ಕರುಳಿಗೆ ಹಾನಿಯಾಗಬಲ್ಲದು.

ಎರಡನೆಯದು ನಾರು. ಓಟ್ಸ್‌ನಲ್ಲಿ ನಾರಿನಂಶ ಜಾಸ್ತಿ. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಲೇ ಬಟ್ಟಲು ತುಂಬ ಹಾಕಿದರೆ ಉಬ್ಬರ, ಗ್ಯಾಸ್ ಆಗುತ್ತದೆ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಹೊಂದಿಕೊಳ್ಳುತ್ತದೆ. "ಎರಡನೇ ವಾರಕ್ಕೇ ಬಟ್ಟಲು ತುಂಬ ಕೊಟ್ಟಿರಾ?" ಎಂದು ಅವರು ಕೇಳಿದಾಗ ನಾನು ತಲೆ ತಗ್ಗಿಸಿದೆ.

ಮೂರನೆಯದು ಓಟ್ಸ್‌ನದೇ ಪ್ರೋಟೀನ್. ಅದರ ಹೆಸರು ಅವೆನಿನ್. ಗ್ಲುಟೆನ್ನಿನ ದೂರದ ನೆಂಟ. ಸೀಲಿಯಾಕ್ ಇರುವ ಬಹುಪಾಲು ಜನರ ದೇಹ ಇದನ್ನು ಸುಮ್ಮನೆ ಬಿಡುತ್ತದೆ. ಸಣ್ಣ ಪಾಲು ಜನರಲ್ಲಿ ಮಾತ್ರ ಇದಕ್ಕೂ ಪ್ರತಿಕ್ರಿಯೆ ಬರುತ್ತದೆ. ಅಂಥವರಿಗೆ ಎಷ್ಟೇ ಶುದ್ಧ ಓಟ್ಸ್ ಕೊಟ್ಟರೂ ಪ್ರಯೋಜನವಿಲ್ಲ, ಪ್ಯಾಕೆಟ್ ಮೇಲಿನ 20ರ ಲೆಕ್ಕ ಗೋಧಿ, ಬಾರ್ಲಿ, ರೈ ಬೆರಕೆಯದು, ಅವೆನಿನ್‌ನದ್ದಲ್ಲ.

ರಕ್ತ ಪರೀಕ್ಷೆ ಮಾಡಿಸಿದರು. ಸಂಖ್ಯೆ ಸಹಜವಾಗಿಯೇ ಇತ್ತು. "ಇದರಿಂದ ಬೆರಕೆ ದೊಡ್ಡ ಪ್ರಮಾಣದಲ್ಲಿ ಇಲ್ಲ ಎನ್ನಬಹುದು. ಓಟ್ಸ್ ಅಲ್ಲವೇ ಅಲ್ಲ ಎನ್ನಲಾಗುವುದಿಲ್ಲ. ಯಾವ ತರಹದ ನೋವು, ಯಾವ ಹೊತ್ತಿಗೆ, ತಿಂದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟು ತನ್ನಿ" ಅಂದರು. ಇವಳನ್ನು ಕೇಳಿದರೆ ಮತ್ತೆ ಅದೇ. ಟಮ್ಮಿ ಪೇಯ್ನ್.

ಅಜ್ಜಿ ಒದ್ದೆ ಬಟ್ಟೆ ಹಿಂಡಿದ್ದು

ಮಾರ್ಚ್ ಮೊದಲ ಭಾನುವಾರ. ವಿಡಿಯೋ ಕಾಲ್. ಅಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು, ಫೋನನ್ನು ಕಲ್ಲಿನ ಮೇಲೆ ಒರಗಿಸಿಟ್ಟಿದ್ದಳು.

"ಯಾಕೆ ಕಂದಾ, ಮುಖ ಸಣ್ಣಗಾಗಿದೆ?"

"ಟಮ್ಮಿ ಪೇಯ್ನ್ ಅಜ್ಜಿ, ಎಲ್ಲಾ ದಿನ."

"ಅದೇನು ಪೇಯ್ನೋ ನಂಗೆ ಗೊತ್ತಾಗಲ್ಲ. ಸರಿಯಾಗಿ ಹೇಳು. ಹೊಟ್ಟೆ ಉಬ್ಬರಿಸುತ್ತಾ, ತೊಳಸುತ್ತಾ, ಚುಚ್ಚುತ್ತಾ, ನುಲಿಯುತ್ತಾ?"

"ನುಲಿಯೋದು ಅಂದ್ರೆ?"

ಅಮ್ಮ ಬಕೆಟ್ಟಿನಿಂದ ತಾತನ ಪಂಚೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ತಿರುಚಿ ಹಿಂಡಿದಳು. ನೀರು ಸುರಿಯಿತು. "ನೋಡು, ಹಿಂಗೆ."

"ಹಾಂ ಅಜ್ಜಿ! ಅದೇ! ಅದೇ ಆಗೋದು!" ಮಗಳು ಕೂತಲ್ಲಿಂದ ಎದ್ದು ನಿಂತಳು. "ಮೊದಲು ಉಬ್ಬರ, ಆಮೇಲೆ ನುಲಿಯೋದು. ಆಮೇಲೆ ನಿದ್ದೆ ಬರತ್ತೆ."

"ಯಾವಾಗ? ಊಟ ಆದ್ಮೇಲಾ?"

"ಇಲ್ಲ. ರೀಸೆಸ್‌ಗಿಂತ ಮುಂಚೆ. ಕ್ಯಾಂಟೀನಿಗೆ ಹೋಗೋಕೆ ಮೊದಲೇ. ಸಾಟರ್‌ಡೇ ಬರಲ್ಲ, ದೋಸೆ ಡೇ."

ದೋಸೆ ಡೇ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದೆ. ವಾರದ ಐದು ದಿನ ಶಾಲೆ ನಿಜ. ಅದೇ ಐದು ದಿನ ಓಟ್ಸ್ ಕೂಡ! ಶನಿವಾರ ದೋಸೆ, ಭಾನುವಾರ ಇಡ್ಲಿ. ನಾವು ಶಾಲೆಯ ಕ್ಯಾಲೆಂಡರ್ ನೋಡಿದೆವು, ತಿಂಡಿಯ ಕ್ಯಾಲೆಂಡರ್ ನೋಡಲಿಲ್ಲ. ಅಮ್ಮ ಅಲ್ಲಿಂದಲೇ, "ಬೆಳಿಗ್ಗೆ ಏನು ಹಾಕ್ತಿದ್ದೀಯೇ ಮಗೂಗೆ?" ಎಂದು ಕೇಳುತ್ತಿದ್ದಳು.

"ಓಟ್ಸ್ ಗಂಜಿ ಕಣಮ್ಮ. ಆದರೆ ಗ್ಲುಟೆನ್ ಫ್ರೀ."

"ನೀನು ಏನು ಫ್ರೀ ಅಂದ್ರೂ ಅವಳ ಹೊಟ್ಟೆ ಒಪ್ಪಬೇಕಲ್ಲ."

ಆದರೂ ಶಾಲೆಯೋ ಓಟ್ಸೋ ಎಂದು ಬೇರೆ ಬೇರೆ ಮಾಡಿ ನೋಡಬೇಕಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಹೇಗೂ ಮಾರ್ಚ್ ಮಧ್ಯದಲ್ಲಿ ಒಂದು ವಾರ ಶಾಲೆಗೆ ರಜೆ. ರಜೆಯ ಮೊದಲ ಮೂರು ದಿನ ಓಟ್ಸ್ ಮುಂದುವರಿಸಿ, ಗಮನಿಸಿ, ಆಮೇಲೆ ನಿಲ್ಲಿಸಿ ಎಂದರು. ಸೋಮವಾರ ರಜೆ, ಡಿಕ್ಟೇಷನ್ ಇಲ್ಲ, ಟೀಚರ್ ಇಲ್ಲ, ಮನೆಯ ಸೋಫಾ. ಒಂಬತ್ತೂವರೆಗೆ ಉಬ್ಬರ, ಹತ್ತಕ್ಕೆ ನುಲಿತ. ಮಂಗಳವಾರವೂ ಅದೇ, ಬುಧವಾರವೂ ಅದೇ. ಗುರುವಾರದಿಂದ ಓಟ್ಸ್ ನಿಲ್ಲಿಸಿದೆ. ಹತ್ತು ದಿನದಲ್ಲಿ ನೋವು ಪೂರ್ತಿ ಹೋಯಿತು. ಶಾಲೆ ಮತ್ತೆ ಶುರುವಾಗಿತ್ತು, ಡಿಕ್ಟೇಷನ್ನೂ ಶುರುವಾಗಿತ್ತು, ಫೋನ್ ಮಾತ್ರ ಬರಲಿಲ್ಲ.

ಮೇ ತಿಂಗಳಲ್ಲಿ ಡಾಕ್ಟರ ಸಲಹೆಯಂತೆ ಇನ್ನೊಂದು ಸಲ ನೋಡಿದೆವು. ಈ ಸಲ ಬೇರೆ ಕಂಪನಿಯ ಶುದ್ಧ ಓಟ್ಸ್, ದಿನಕ್ಕೆ ಎರಡೇ ಚಮಚ, ಅಕ್ಕಿ ಗಂಜಿಯಲ್ಲಿ ಬೆರೆಸಿ. ನಾರಿನ ತೊಂದರೆಯಾಗಿದ್ದರೆ ಅಷ್ಟು ಕಡಿಮೆಗೆ ಬರಬಾರದು. ಎರಡನೇ ದಿನವೇ ಮಗಳು ಬಂದು ಎರಡೂ ಕೈಯಲ್ಲಿ ಗಾಳಿಯನ್ನು ಹಿಂಡಿ ತೋರಿಸಿದಳು. ಬಾಯಲ್ಲಿ ಹೇಳುವುದೇ ಬೇಕಾಗಲಿಲ್ಲ. ಡಾಕ್ಟರು ಫೈಲಿನಲ್ಲಿ ಬರೆದರು: ಓಟ್ಸ್ ಬೇಡ. ಮಗು ಚೆನ್ನಾಗಿ ಬೆಳೆಯುತ್ತಿರುವುದರಿಂದ ಈಗ ಎಂಡೋಸ್ಕೋಪಿ ಬೇಕಿಲ್ಲ, ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ.

ನೀವು ಇದೇ ಜಾಗದಲ್ಲಿದ್ದರೆ

ನಾನು ಡಾಕ್ಟರಲ್ಲ. ನಾವು ಮಾಡಿದ್ದರಲ್ಲಿ ಸರಿಯಾದದ್ದು, ತಪ್ಪಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

- ಸೀಲಿಯಾಕ್ ಅನುಮಾನವಿದ್ದರೆ ಪರೀಕ್ಷೆಗೆ ಮುಂಚೆ ಗೋಧಿ ನಿಲ್ಲಿಸಬೇಡಿ. ತಿನ್ನುತ್ತಿರುವಾಗ ಮಾಡಿದ ಪರೀಕ್ಷೆಯೇ ಸರಿಯಾದ ಉತ್ತರ ಕೊಡುವುದು.
- ಓಟ್ಸ್ ಶುರು ಮಾಡುವುದಾದರೆ ರಕ್ತ ಪರೀಕ್ಷೆ ಸಹಜವಾದ ಮೇಲೆ, ಡಾಕ್ಟರನ್ನೋ ಆಹಾರ ತಜ್ಞರನ್ನೋ ಕೇಳಿ. ಎರಡು ಚಮಚದಿಂದ ಬಟ್ಟಲಿಗೆ ಹೋಗಲು ವಾರವಲ್ಲ, ತಿಂಗಳು ತೆಗೆದುಕೊಳ್ಳಿ.
- ಹೊಸದೊಂದು ಶುರು ಮಾಡಿದಾಗ ಬೇರೇನೂ ಹೊಸದು ಸೇರಿಸಬೇಡಿ. ಇಲ್ಲದಿದ್ದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.
- ತಿಂದದ್ದು, ಹೊತ್ತು, ನೋವಿನ ಬಗೆ, ಅವತ್ತು ಶಾಲೆ ಇತ್ತೋ ಇಲ್ಲವೋ, ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ನಾವು ಮೊದಲೇ ಬರೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.
- ಒಂದು ಮಗುವಿಗೆ ಆಗಲಿಲ್ಲ ಎಂದು ಎಲ್ಲ ಸೀಲಿಯಾಕ್ ಮಕ್ಕಳಿಗೂ ಓಟ್ಸ್ ಕೆಟ್ಟದ್ದು ಎಂದಲ್ಲ. ಹೆಚ್ಚಿನವರಿಗೆ ಶುದ್ಧ ಓಟ್ಸ್ ಆಗುತ್ತದೆ. ಸುಮ್ಮನೆ ಹೆದರಿ ಬಿಡಿಸಬೇಡಿ.

ಈಗ ನಮ್ಮ ಬೆಳಗಿನ ತಿಂಡಿ ಏನು ಎಂದರೆ, ಭಾನುವಾರ ನ್ಯೂಟನ್‌ನಲ್ಲಿ ರೈಲು ಬದಲಾಯಿಸಿ ಲಿಟಲ್ ಇಂಡಿಯಾಕ್ಕೆ ಹೋಗಿ ಅವಲಕ್ಕಿ, ಅಕ್ಕಿ ತರಿ ತರುತ್ತೇವೆ. ಅಕ್ಕಿ ತರಿ ಉಪ್ಪಿಟ್ಟು, ಮೊಸರವಲಕ್ಕಿ, ರಾಗಿ ಗಂಜಿ ಸರದಿಯ ಮೇಲೆ. ರಾಗಿ ಗಂಜಿಗೆ ಅದೇ ಬಾಳೆಹಣ್ಣು ಹೆಚ್ಚಿ ಹಾಕುತ್ತೇನೆ. ರಾತ್ರಿಯೇ ರಾಗಿ ನೆನೆಹಾಕಿದರೆ ಅದಕ್ಕೂ ಏಳೇ ನಿಮಿಷ. ಸುಲಭದ ತಿಂಡಿ ಎಂದು ನಾನು ಕಡಲಾಚೆ ಹುಡುಕಿದ್ದು ನಮ್ಮ ಡಬ್ಬಿಯಲ್ಲೇ ಇತ್ತು.

ಹಬ್ಬ, ಪೂಜೆಗಳಲ್ಲಿ ಇನ್ನೂ ಕಷ್ಟ ಇದೆ. ಸತ್ಯನಾರಾಯಣ ಪೂಜೆಯ ಸಪಾದ ರವೆಯದು. "ದೇವರ ಪ್ರಸಾದ, ಒಂದು ಚಿಟಿಕೆ ಏನೂ ಮಾಡಲ್ಲ" ಎಂದು ಹಿರಿಯರು ಕೈ ಚಾಚಿದಾಗ ಬೇಡ ಎನ್ನುವುದು ಎಂಟು ವರ್ಷದ ಮಗುವಿಗೆ ಸುಲಭವಲ್ಲ. ಅವಳಿಗೆ ಒಂದು ಮಾತು ಕಲಿಸಿದ್ದೇವೆ: "ಆಂಟಿ, ನಾನು ಕಣ್ಣಿಗೆ ಒತ್ತಿಕೊಂಡು ಅಪ್ಪನಿಗೆ ಕೊಡ್ತೀನಿ." ಇದುವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ. ನಮ್ಮ ಮನೆಯ ಪೂಜೆಗೆ ಅಕ್ಕಿ ತರಿಯಲ್ಲೇ ಸಪಾದ. ಎಲ್ಲರಿಗೂ ಅದೇ.

ಪದಗಳ ಡಬ್ಬಿ

ಧಾನ್ಯದ ಹೆಸರುಗಳ ಆಟ ನಮ್ಮ ಮನೆಯಲ್ಲಿ ಈಗ ಜೋರು. ಕನ್ನಡ ನಿಘಂಟಿನಲ್ಲಿ ಓಟ್ಸ್‌ಗೆ ತೋಕೆಗೋಧಿ ಎಂದಿದೆ. ಜವೆಗೋಧಿ ಎಂದರೆ ಕೆಲವರಿಗೆ ಬಾರ್ಲಿ, ಉತ್ತರ ಕರ್ನಾಟಕದ ಕಡೆ ಕಪ್ಲಿ ಗೋಧಿ. ಎರಡರಲ್ಲೂ ಗ್ಲುಟೆನ್ ಇದೆ. ಎಲ್ಲದರ ಬಾಲದಲ್ಲಿ ಗೋಧಿ! ಮಗಳು ಶಾಲೆಯಿಂದ ಬಂದು ಹೇಳಿದಳು, ಚೀನೀ ಭಾಷೆಯಲ್ಲೂ ಹಾಗೇ ಅಂತೆ. ಗೋಧಿ ಶ್ಯಾವ್-ಮೈ, ಬಾರ್ಲಿ ದಾ-ಮೈ, ಓಟ್ಸ್ ಯೆನ್-ಮೈ. "ಅಮ್ಮಾ, ಮೈ ಇದ್ರೆ ನಂಗೆ ಆಗಲ್ಲ, ಗೋಧಿ ಇದ್ರೆ ನಂಗೆ ಆಗಲ್ಲ" ಎಂದು ಅವಳೇ ನಿಯಮ ಮಾಡಿಕೊಂಡಿದ್ದಾಳೆ. ಛ್ಯಾವ್-ಮೈ ಎಂಬ ಬಕ್‌ವೀಟ್ ಒಂದು ಅಪವಾದ, ಅದು ಗೋಧಿಯ ಜಾತಿಯೇ ಅಲ್ಲ. ಆದರೆ ಅದರ ನೂಡಲ್ಸ್‌ಗೆ ಗೋಧಿ ಬೆರೆಸುವುದು ಸಾಮಾನ್ಯ. ಹಾಗಾಗಿ ಸದ್ಯಕ್ಕೆ ಅವಳ ನಿಯಮವೇ ಇರಲಿ ಎಂದು ಬಿಟ್ಟಿದ್ದೇವೆ.

ಇನ್ನೊಂದು ಪಟ್ಟಿಯನ್ನು ಅಮ್ಮನ ಬಾಯಿಂದ ಕೇಳಿ ಫ್ರಿಜ್ ಮೇಲೆ ಅಂಟಿಸಿದ್ದೇನೆ. ನಿಮ್ಮ ಮಕ್ಕಳಿಗೂ ಕಲಿಸಿ, ಪ್ರತಿಯೊಂದನ್ನೂ ಮಾಡಿ ತೋರಿಸಿ.

ಉಬ್ಬರ: ಬಲೂನ್ ಊದಿದ ಹಾಗೆ.
ನುಲಿತ: ಒದ್ದೆ ಬಟ್ಟೆ ಹಿಂಡಿದ ಹಾಗೆ.
ತೊಳಸು: ಒಳಗೆ ಕಲಸಿ ವಾಂತಿ ಬರುವ ಹಾಗೆ.
ಚುಚ್ಚು: ಸೂಜಿ ಚುಚ್ಚಿದ ಹಾಗೆ, ಒಂದೇ ಜಾಗದಲ್ಲಿ.
ಉರಿ: ಖಾರ ತಿಂದ ಹಾಗೆ, ಎದೆಯವರೆಗೆ.
ಗುಡುಗುಡು: ಶಬ್ದ ಮಾತ್ರ, ನೋವಿಲ್ಲ.

ಇಂಗ್ಲಿಷಿನಲ್ಲಿ ಇಂಥ ಪದಗಳಿಲ್ಲ ಎಂದಲ್ಲ. ನನ್ನ ಮಗಳ ಇಂಗ್ಲಿಷಿನಲ್ಲಿ ಇರಲಿಲ್ಲ. ಅದು ಶಾಲೆಯ ಇಂಗ್ಲಿಷ್, ಲೆಕ್ಕಕ್ಕೆ, ವಿಜ್ಞಾನಕ್ಕೆ, ಗೆಳೆಯರ ಜೊತೆ ಆಟಕ್ಕೆ ಬರುವಂಥದ್ದು. ನಮ್ಮ ಮನೆಯ ಕನ್ನಡವೂ ಬೇಗ ಬಾ, ಹಾಲು ಕುಡಿ, ಹೋಂವರ್ಕ್ ಆಯ್ತಾ ಎನ್ನುವಷ್ಟಕ್ಕೇ ಇಳಿದಿತ್ತು. ಮೈಯೊಳಗಿನದ್ದನ್ನು ಹೇಳುವ ಮಾತು ಅವಳಿಗೆ ಎರಡೂ ಕಡೆಯಿಂದ ಸಿಕ್ಕಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದೇ ಇದ್ದದ್ದರಿಂದ, ಸರಿಯಾಗಿ ಹೇಳು ಎಂದು ಪಟ್ಟು ಹಿಡಿದದ್ದರಿಂದ ಅದು ಸಿಕ್ಕಿತು. ಕನ್ನಡದ ಓದು ನಿಲ್ಲಿಸಿಬಿಡೋಣ ಎಂದು ಯೋಚಿಸಿದ್ದೆನಲ್ಲ, ಆ ಮಾತನ್ನು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಆದ್ದರಿಂದ ಐದು ನಿಮಿಷದ ವಿಡಿಯೋ ಕಾಲ್‌ನಿಂದ ಏನು ಪ್ರಯೋಜನ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟು. ಹಾಯ್, ಬಾಯ್ ಆದರೂ ಮಾಡಿಸುತ್ತಿರಿ. ಮಗುವಿಗೆ ಜ್ವರ ಬಂದಾಗ, ಹಲ್ಲು ಅಲುಗಿದಾಗ, ಬಿದ್ದು ಮೊಣಕಾಲು ತರಚಿದಾಗ ಫೋನನ್ನು ಅವಳ ಕೈಗೇ ಕೊಡಿ. ನೀವು ನಡುವೆ ಬಂದು ಅನುವಾದ ಮಾಡಬೇಡಿ. ಅಜ್ಜಿ ಕೇಳಲಿ, ಮಗು ಹುಡುಕಲಿ.

ಕಳೆದ ವಾರ ರಕ್ತ ಪರೀಕ್ಷೆಗೆ ಹೋಗಿದ್ದೆವು. ಹೊಸ ನರ್ಸ್, ಮಲಯ್ ಹೆಣ್ಣುಮಗಳು, "ಈಗ ಹೊಟ್ಟೆ ಹೇಗಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಗಳು, "ನೋ ನುಲಿತ" ಅಂದಳು. ಅವಳಿಗೆ ಅರ್ಥವಾಗಲಿಲ್ಲ. ಇವಳು ಎರಡೂ ಕೈ ಮುಂದೆ ಚಾಚಿ ಅಜ್ಜಿಯ ಹಾಗೇ ಹಿಂಡಿ ತೋರಿಸಿದಳು. ನರ್ಸ್ ನಕ್ಕು, ಅದನ್ನೂ ಬರೆದುಕೊಂಡಳು.

ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಹೊಟ್ಟೆನೋವಿಗೆ ಇನ್ನೂ ಯಾವ ಯಾವ ಪದ ಇವೆ? ಮಂಗಳೂರು, ಧಾರವಾಡ, ಕಾಸರಗೋಡು ಕಡೆಯವರು ದಯವಿಟ್ಟು ಬರೆದು ಕಳಿಸಿ. ಫ್ರಿಜ್ ಮೇಲೆ ಇನ್ನೂ ಜಾಗವಿದೆ.